ಎಂಟು ವರ್ಷ ಮರಗಸಿ ಕಾಣದ ಕಾಫಿ ತೋಟ: ಬೆಳಕು ಎಷ್ಟು ಬೇಕು, ಯಾವಾಗ ಬೇಕು?

ಓದುಗರ ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಅರೇಬಿಕಾ ತೋಟ. ಎಂಟು ವರ್ಷದ ಹಿಂದೆ ಮರಗಸಿಗೆ, ಅಂದರೆ ನೆರಳುಮರದ ಕೊಂಬೆ ಕಡಿಯಲು, ಹತ್ತಿದ್ದವರೊಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಆಮೇಲೆ ಅಪ್ಪ ಯಾರನ್ನೂ ಮರ ಹತ್ತಿಸಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದಿದ್ದೇನೆ. ಗಿಡಗಳು ನನ್ನೆತ್ತರ ದಾಟಿವೆ. ಎಲೆ ಅಗಲ, ಕಡು ಹಸಿರು, ನೋಡಲು ಚೆಂದ. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ಮಳೆಗಾಲದಲ್ಲಿ ಕೊಳೆರೋಗ. ಪಕ್ಕದವರು ಮರವೆಲ್ಲ ತೆಗೆಸಿ, ರೋಬಸ್ಟಾ ಹಾಕಿ, ಸ್ಪ್ರಿಂಕ್ಲರ್ ಇಟ್ಟು ಒಳ್ಳೆ ಫಸಲು ತೆಗೆಯುತ್ತಿದ್ದಾರೆ. ಮರದ ವ್ಯಾಪಾರಿಯೊಬ್ಬರು ‘ಎಲ್ಲ ಒಟ್ಟಿಗೆ ಕೊಡಿ, ತೋಟಕ್ಕೆ ಬೆಳಕೂ ಆಯಿತು, ನಿಮಗೆ ದುಡ್ಡೂ ಆಯಿತು’ ಎನ್ನುತ್ತಿದ್ದಾರೆ. ಗೊಬ್ಬರದ ಅಂಗಡಿಯವರು ಯೂರಿಯಾ ಸಾಲದು ಎನ್ನುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಅಳೆದರೆ ಮಧ್ಯಾಹ್ನ ಅಂಗಳದಲ್ಲಿ ಒಂದು ಲಕ್ಷ ಲಕ್ಸ್, ತೋಟದೊಳಗೆ ಎಂಟು ಸಾವಿರ. ಮರ ತೆಗೆಯಲೇ? ತೆಗೆದರೆ ಎಷ್ಟು, ಯಾವ ತಿಂಗಳಲ್ಲಿ? ಜೊತೆಗೆ ನನ್ನ ಮಗಳ ಪ್ರಶ್ನೆಯೊಂದು: ಎಲೆಗಳ ಸಂದಿ ಮೂಲೆಮೂಲೆಯಾಗಿದ್ದರೂ ನೆಲದ ಮೇಲೆ ಬೀಳುವ ಬೆಳಕಿನ ಬೊಟ್ಟು ಯಾಕೆ ದುಂಡಗಿರುತ್ತದೆ?

ಉತ್ತರ: ಮರದ ವ್ಯಾಪಾರಿಗೆ ಸದ್ಯಕ್ಕೆ ಏನೂ ಹೇಳಬೇಡಿ, ಯೂರಿಯಾ ಹೆಚ್ಚಿಸಬೇಡಿ. ಈ ಎರಡು ಮಾತು ಮೊದಲು. ನಿಮ್ಮ ತೋಟಕ್ಕೆ ಬೆಳಕು ಸಾಲುತ್ತಿಲ್ಲ ಎಂಬುದು ನಿಜ, ಅದನ್ನು ಸರಿಪಡಿಸಲೇಬೇಕು. ಆದರೆ ಎಂಟು ವರ್ಷದಲ್ಲಿ ಕೂಡಿದ ನೆರಳನ್ನು ಎಂಟು ದಿನದಲ್ಲಿ ತೆಗೆದ ತೋಟಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಒಂದಕ್ಕೆ ಹಾಗೆ ಮಾಡಿ ಎಂದು ಸಲಹೆ ಕೊಟ್ಟವನು ನಾನೇ. ಅದನ್ನು ಆಮೇಲೆ ಹೇಳುತ್ತೇನೆ.

ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರೊಳಗಿದೆ. ನೆಲದ ಮೇಲಿನ ಆ ದುಂಡು ಬೊಟ್ಟು ಎಲೆಸಂದಿಯ ಆಕಾರವಲ್ಲ, ಸೂರ್ಯನ ಬಿಂಬ. ಮೇಲಿನ ಚಿಕ್ಕ ಸಂದಿ ಸೂಜಿರಂಧ್ರದ ಕ್ಯಾಮೆರಾದ ಹಾಗೆ ಕೆಲಸ ಮಾಡುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಕೊಡಗಿನ ಕುಟ್ಟ, ಅತ್ತ ಮಂಗಳೂರು ಕಡೆ ಕಂಕಣ ಗ್ರಹಣ ಆದಾಗ ಮರದಡಿಯ ಬೊಟ್ಟುಗಳೆಲ್ಲ ಬಳೆಯಂತೆ ಕಂಡದ್ದು ಇದೇ ಕಾರಣಕ್ಕೆ. ಸೂರ್ಯ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಅಗಲ ಕಾಣುವುದರಿಂದ, ಬಿಂಬದ ಅಗಲ ಸಂದಿಯ ದೂರದ 108ನೇ ಒಂದು ಪಾಲು ಇರುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ಬೊಟ್ಟು ಒಂಬತ್ತು ಸೆಂಟಿಮೀಟರ್ ಅಗಲವಿದ್ದರೆ ಅದರ ಸಂದಿ ಸುಮಾರು ಹತ್ತು ಮೀಟರ್ ಮೇಲಿದೆ. ಮಗಳಿಗೆ ಒಂದು ಸ್ಕೇಲ್ ಕೊಡಿ, ಮರ ಹತ್ತದೆಯೇ ಮೇಲಿನ ಎಲೆಕೊಡೆಯ ಎತ್ತರ ಅಳೆದುಬಿಡುತ್ತಾಳೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ತೋಟಗಾರನಿಗೆ ಬೇಕಾದ ಸಂಗತಿ ಸಿಗುತ್ತದೆ. ಐದು ಸೆಂಟಿಮೀಟರ್ ಅಗಲದ ಎಲೆಯ ಗಟ್ಟಿ ನೆರಳು ಸುಮಾರು ಐದೂವರೆ ಮೀಟರ್‌ವರೆಗೆ ಮಾತ್ರ ಇಳಿಯುತ್ತದೆ. ಅದರ ಕೆಳಗೆ ನೆರಳಿನ ಅಂಚು ಕರಗಿ, ಬಿಸಿಲೂ ಅಲ್ಲದ ನೆರಳೂ ಅಲ್ಲದ ಮೃದು ಬೆಳಕಾಗುತ್ತದೆ. ಕಾಫಿಗೆ ಬೇಕಾದ ಬೆಳಕು ಅದೇ. ಹದಿನೈದು ಮೀಟರ್ ಮೇಲಿರುವ, ಸೀಳುಸೀಳಾದ ಎಲೆಯ ಸಿಲ್ವರ್ ಓಕ್ ತುದಿಯಿಂದ ಇಳಿಯುವ ಬೆಳಕಿಗೂ, ತಲೆಗೆ ತಾಗುವಂತೆ ಜೋತಿರುವ ಹಲಸಿನ ಕೊಂಬೆಯ ನೆರಳಿಗೂ ಇರುವ ವ್ಯತ್ಯಾಸ ಇದು. ಆದ್ದರಿಂದ ಮರ ಎಷ್ಟಿವೆ ಎಂದು ಎಣಿಸುವ ಮೊದಲು ಕೊಡೆ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. ಎಂಟು ವರ್ಷ ಕೈಯಾಡಿಸದ ತೋಟದಲ್ಲಿ ತೊಂದರೆ ಕೊಡುವುದು ಸಾಮಾನ್ಯವಾಗಿ ಮೇಲಿನ ಕೊಡೆಗಿಂತ ಹೆಚ್ಚಾಗಿ ಕೆಳಗಿನ ಅಡ್ಡಕೊಂಬೆಗಳು ಮತ್ತು ಬೇಕಾಬಿಟ್ಟಿ ಬೆಳೆದ ಹಾಲುವಾಣ.

ಇನ್ನು ನಿಮ್ಮ ಎಂಟು ಸಾವಿರ ಲಕ್ಸ್. ಅಂಗಳದ ಬೆಳಕಿನ 100ರಲ್ಲಿ 8 ಪಾಲು. ಎಲೆಪದರದೊಳಗೆ ಬೆಳಕು ಹೇಗೆ ಕಡಿಮೆಯಾಗುತ್ತ ಹೋಗುತ್ತದೆ ಎಂಬುದನ್ನು ಜಪಾನಿನ ವಿಜ್ಞಾನಿಗಳಾದ ಮೊನ್ಸಿ ಮತ್ತು ಸಾಯೆಕಿ 1953ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಸರಳವಾಗಿ ಹೇಳುವುದಾದರೆ, ನೆಲವನ್ನು ಒಮ್ಮೆ ಪೂರ್ತಿ ಮುಚ್ಚುವಷ್ಟು ಎಲೆಯನ್ನು ಒಂದು ಪದರ ಎಂದುಕೊಳ್ಳಿ. ಎಲೆಗಳು ಓರೆಯಾಗಿ, ಒಂದರ ಮೇಲೊಂದು ಇರುವುದರಿಂದ ಸಂದಿ ಉಳಿದೇ ಇರುತ್ತದೆ; ಸಾಮಾನ್ಯ ಅಗಲೆಲೆಯ ಮರಗಳಲ್ಲಿ ಒಂದು ಪದರ ದಾಟಿ 100ರಲ್ಲಿ ಸುಮಾರು 60 ಪಾಲು ಬರುತ್ತದೆ, 40 ಪಾಲು ಎಲೆಗೆ ಸಿಗುತ್ತದೆ. ಎರಡನೆಯದು ಆ 60ರಲ್ಲೂ 100ಕ್ಕೆ 40ರ ಪ್ರಮಾಣದಲ್ಲೇ ಹಿಡಿಯುತ್ತದೆ; ಮೂರು ಪದರ ದಾಟಿದ ಮೇಲೆ 22, ಐದು ದಾಟಿದರೆ 8. ಅಂದರೆ ನಿಮ್ಮ ಗಿಡಗಳ ತಲೆಯ ಮೇಲೆ ಹೆಚ್ಚುಕಡಿಮೆ ಐದು ಪದರ ಎಲೆ ಇದೆ. ಎರಡು ಪದರ ಕಡಿಮೆಯಾದರೆ ಬೆಳಕು ಮೂರು ಪಟ್ಟಿನ ಹತ್ತಿರ ಹೋಗುತ್ತದೆ. ಪೂರ್ತಿ ಬೋಳಿಸುವ ಅಗತ್ಯವೇ ಇಲ್ಲ.

ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ಲಕ್ಸ್ ಎಂಬುದು ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ಕಾಣುತ್ತದೆ, ಮರದ ಎಲೆಗಳು ಕೆಳಗೆ ಬಿಡುವುದೂ ಹಸಿರನ್ನೇ ಹೆಚ್ಚು. ಗಿಡಕ್ಕೆ ಮುಖ್ಯವಾಗಿ ಬೇಕಾದ ಕೆಂಪು ಮತ್ತು ನೀಲಿಯನ್ನು ಮೇಲಿನ ಎಲೆಗಳು ತಿಂದು ಮುಗಿಸಿರುತ್ತವೆ. ಹಾಗಾಗಿ ನಿಮ್ಮ ಗಿಡಕ್ಕೆ ಸಿಗುತ್ತಿರುವುದು ಆ 8ಕ್ಕಿಂತಲೂ ಕಡಿಮೆ. ಒಂದೇ ಮೊಬೈಲಿನಲ್ಲಿ, ಒಂದೇ ಹೊತ್ತಿನಲ್ಲಿ ಎರಡು ಜಾಗಗಳನ್ನು ಹೋಲಿಸಲು ಆ್ಯಪ್ ಸಾಕು. ಅದರ ಅಂಕಿಯನ್ನು ಗಿಡದ ಊಟದ ಲೆಕ್ಕವೆಂದು ನಂಬಬೇಡಿ.

ಗಿಡ ಎತ್ತರವಾಗಿ ಬೆಳೆದಿದೆ, ಎಲೆ ಅಗಲವಾಗಿದೆ, ಹೂವಿಲ್ಲ ಎಂದಿರಿ. ‘ಗಿಡ ಸೊಕ್ಕಿದೆ’ ಎನ್ನುವವರಿದ್ದಾರೆ. ಅದು ಸೊಕ್ಕಲ್ಲ, ಗಿಡದ ತಳಮಳ. ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ, ನಮ್ಮ ಕಣ್ಣಿಗೆ ಬಹುತೇಕ ಕಾಣದ ದೂರಗೆಂಪನ್ನು ಹಾಗೇ ಬಿಟ್ಟುಬಿಡುತ್ತದೆ. ಬಯಲಿನಲ್ಲಿ ಇವೆರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ದಟ್ಟ ಮರದಡಿ ದೂರಗೆಂಪು ಹಲವು ಪಟ್ಟು ಹೆಚ್ಚು. ಗಿಡದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಇದು ಮೊದಲು ಸ್ಪಷ್ಟವಾದದ್ದು 1952ರಲ್ಲಿ, ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ, ಲೆಟ್ಯೂಸ್ ಬೀಜದ ಮೇಲೆ ನಡೆದ ಪ್ರಯೋಗದಲ್ಲಿ: ಕೆಂಪು ಬೆಳಕು ಕೊಟ್ಟರೆ ಬೀಜ ಮೊಳೆಯಿತು, ಆಮೇಲೆ ದೂರಗೆಂಪು ಕೊಟ್ಟರೆ ಸುಮ್ಮನಾಯಿತು. ಕಡೆಗೆ ಕೊಟ್ಟ ಬೆಳಕು ಯಾವುದೋ ಅದರ ಮಾತೇ ನಡೆಯಿತು.

ನಿಮ್ಮ ಕಾಫಿ ಗಿಡಕ್ಕೂ ಈ ಸುದ್ದಿ ಹಗಲೆಲ್ಲ ತಲುಪುತ್ತಿದೆ: ಮೇಲೆ ಬೇರೆಯವರಿದ್ದಾರೆ, ಅವರನ್ನು ದಾಟು. ಗಿಡ ಇದ್ದಬದ್ದ ಶಕ್ತಿಯನ್ನೆಲ್ಲ ಉದ್ದ ಬೆಳೆಯುವುದಕ್ಕೆ ಹಾಕುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚುತ್ತದೆ. ಕಾಫಿ ಹೂ ಬಿಡುವುದು ಗೆಣ್ಣಿನಲ್ಲಿ. ಅದೇ ಉದ್ದದ ರೆಂಬೆಯಲ್ಲಿ ಗೆಣ್ಣು ಕಡಿಮೆಯಾದರೆ ಹೂವೂ ಕಡಿಮೆ. ಮಂದ ಬೆಳಕಿನಲ್ಲಿ ಪ್ರತಿ ಗೆಣ್ಣಿನ ಹೂಮೊಗ್ಗೂ ಕಡಿಮೆ. ಇದಕ್ಕೆ ಯೂರಿಯಾ ಸುರಿದರೆ ಇನ್ನಷ್ಟು ಮೆದು ಚಿಗುರು, ಇನ್ನಷ್ಟು ಉದ್ದ, ಕೊಳೆರೋಗಕ್ಕೆ ಇನ್ನಷ್ಟು ಮೇವು. ಗೊಬ್ಬರ ಬೇಕಾಗುವುದು ಬೆಳಕು ಬಂದ ಮೇಲೆ, ಅದೂ ಮಣ್ಣು ಪರೀಕ್ಷೆ ಮಾಡಿಸಿ.

ಹಾಗಾದರೆ ಪಕ್ಕದವರ ತೋಟ? ಅವರದು ಸುಳ್ಳು ಫಸಲಲ್ಲ. ನಡುಹಗಲ ಪೂರ್ತಿ ಬಿಸಿಲನ್ನು 100 ಎಂದುಕೊಂಡರೆ ಅರೇಬಿಕಾದ ಒಂದು ಎಲೆಗೆ ಅದರ ಕಾಲು ಭಾಗ ಸಿಕ್ಕರೆ ಹೊಟ್ಟೆ ತುಂಬುತ್ತದೆ. ಆದರೆ ಗಿಡ ಅಂದರೆ ಒಂದು ಎಲೆಯಲ್ಲ. ಮೇಲಿನ ಎಲೆಗಳು ಒಳಗಿನ ಎಲೆಗಳಿಗೆ ನೆರಳು ಹಾಕುತ್ತವೆ, ಆದ್ದರಿಂದ ಇಡೀ ಗಿಡ ಹೆಚ್ಚು ಬೆಳಕನ್ನು ಬಳಸಿಕೊಳ್ಳಬಲ್ಲದು. ಬ್ರೆಜಿಲ್‌ನಲ್ಲಿ ಬಯಲು ಬಿಸಿಲಲ್ಲೇ ಕಾಫಿ ಬೆಳೆಯುವುದೂ ಹೀಗೆ. ಅದಕ್ಕೆ ಕೊಡಬೇಕಾದ ಬೆಲೆ ನೀರು, ಗೊಬ್ಬರ, ಔಷಧಿ. ನೆರಳಿಲ್ಲದ ಗಿಡ ತನ್ನ ಶಕ್ತಿ ಮೀರಿ ಕಾಯಿ ಕಟ್ಟಿ ಮರುವರ್ಷ ರೆಂಬೆ ಒಣಗಿಸಿಕೊಳ್ಳುತ್ತದೆ. ನಿಮ್ಮ ಪಕ್ಕದವರು ಸ್ಪ್ರಿಂಕ್ಲರ್ ಇಟ್ಟಿದ್ದಾರೆ, ಅದಕ್ಕಿಂತ ಮುಖ್ಯವಾಗಿ ರೋಬಸ್ಟಾ ಹಾಕಿದ್ದಾರೆ. ರೋಬಸ್ಟಾ ಹೆಚ್ಚು ಬಿಸಿಲು ತಾಳುತ್ತದೆ, ಅದಕ್ಕೆ ಬಿಳಿಕಾಂಡ ಕೊರಕ ಎಂಬ, ಕಾಂಡ ಕೊರೆಯುವ ಕೀಟದ ಕಾಟವೂ ಇಲ್ಲವೆನ್ನುವಷ್ಟು ಕಡಿಮೆ. ಅರೇಬಿಕಾ ಇಟ್ಟುಕೊಂಡು ಅವರ ದಾರಿ ಹಿಡಿದರೆ ಆಗುವುದೇ ಬೇರೆ.

ಮೊದಲು ಹೇಳಿದ ನನ್ನ ತಪ್ಪು ಇಲ್ಲಿಗೆ ಬರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಿಮ್ಮದರಂತೆಯೇ ದಟ್ಟವಾಗಿದ್ದ ಒಂದು ಅರೇಬಿಕಾ ತೋಟಕ್ಕೆ ‘ಕುಯ್ಲು ಮುಗಿಯಿತಲ್ಲ, ಆಳುಗಳು ಕೈಯಲ್ಲಿದ್ದಾರೆ, ಈಗಲೇ ಮರಗಸಿ ಮುಗಿಸಿ’ ಎಂದು ಹೇಳಿದೆ. ಫೆಬ್ರವರಿಯಲ್ಲಿ ನೆರಳು ಹೋಯಿತು. ಮಂದ ಬೆಳಕಿನಲ್ಲಿ ಹುಟ್ಟಿದ ಎಲೆ ತೆಳ್ಳಗಿರುತ್ತದೆ. ಅದಕ್ಕೆ ಒಮ್ಮೆಲೇ ಬಂದ ಬಿಸಿಲನ್ನು ಅರಗಿಸಿಕೊಳ್ಳಲು ಆಗುವುದಿಲ್ಲ. ಮಾರ್ಚ್ ಹೊತ್ತಿಗೆ ಎಲೆಗಳು ಹಳದಿಯಾಗಿ, ನಡುವೆ ಸುಟ್ಟ ಕಲೆ ಬಿದ್ದು ಉದುರಿದವು. ಎಲೆ ಉದುರಿದ್ದರಿಂದ ಕಾಂಡಕ್ಕೆ ನೇರ ಬಿಸಿಲು ತಾಗಿತು. ಬಿಳಿಕಾಂಡ ಕೊರಕದ ದುಂಬಿ ಮೊಟ್ಟೆ ಇಡಲು ಹುಡುಕುವುದು ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕನ್ನು. ಏಪ್ರಿಲ್-ಮೇ ಅದು ಹಾರಾಡುವ ಕಾಲ. ಮುಂದಿನ ಎರಡು ವರ್ಷದಲ್ಲಿ ಆ ತೋಟದವರು ಬುಡಸಮೇತ ಕಿತ್ತು ಸುಟ್ಟ ಗಿಡಗಳನ್ನು ನಾನು ಮರೆತಿಲ್ಲ. ಆ ಮನೆಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ನೋವಿನದು.

ಅದಕ್ಕೇ ತಿಂಗಳ ಪ್ರಶ್ನೆಗೆ ನನ್ನ ಉತ್ತರ ಗಟ್ಟಿಯಾಗಿದೆ: ದೊಡ್ಡ ಕೆಲಸ ಮೇ ಕೊನೆಯ ವಾರದಿಂದ, ಮಳೆ ಹಿಡಿಯುವ ಮೊದಲು. ಆ ಹೊತ್ತಿಗೆ ಕೊರಕದ ಬೇಸಿಗೆ ಹಾರಾಟ ಇಳಿಯುತ್ತಿರುತ್ತದೆ. ಬೆನ್ನಿಗೇ ಮೋಡ ಕವಿಯುವುದರಿಂದ, ತೆರೆದುಕೊಂಡ ಗಿಡಕ್ಕೆ ಮೊದಲು ಸಿಗುವುದು ಎಲ್ಲ ದಿಕ್ಕಿನಿಂದ ಬರುವ ಚದುರಿದ ಬೆಳಕು. ಅದು ಎಲೆ ಸುಡುವುದಿಲ್ಲ, ಗಿಡದ ಒಳಗೂ ಇಳಿಯುತ್ತದೆ. ಮಳೆಗಾಲದ ಚಿಗುರು ಹೊಸ ಬೆಳಕಿಗೆ ಒಗ್ಗಿಕೊಂಡೇ ಹುಟ್ಟುತ್ತದೆ. ಗಾಳಿಯಾಡಿ ಎಲೆ ಬೇಗ ಆರುವುದರಿಂದ ಕೊಳೆರೋಗಕ್ಕೂ ತಡೆ. (ನಮ್ಮ ತೋಟದ ಆಳುಗಳ ಬಾಯಿಯ ಈ ಕೊಳೆರೋಗವೆಂಬ ಕನ್ನಡ ಪದ ಹತ್ತೊಂಬತ್ತನೇ ಶತಮಾನದಲ್ಲೇ ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿನೊಳಗೆ ಸೇರಿಹೋಗಿದೆ. ನಮ್ಮ ಮಲೆನಾಡಿನ ಮಳೆಗೂ ಆ ರೋಗಕ್ಕೂ ಅಷ್ಟು ಹಳೆಯ ನಂಟು.) ಅದೇ ಹೊತ್ತಿಗೆ ಗಿಡದ ನಡುಭಾಗದ ಚಿಗುರು ತೆಗೆದು ಒಳಗೆ ಗಾಳಿ-ಬೆಳಕು ಹೋಗುವಂತೆ ಮಾಡಿ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಿ. ಆದರೆ ಕಾಂಡದ ಸುತ್ತಲಿನ ಕೆಳರೆಂಬೆಗಳನ್ನು ಬೋಳಿಸಬೇಡಿ. ಅಕ್ಟೋಬರ್-ನವೆಂಬರ್‌ನಲ್ಲಿ ಕೊರಕ ಮತ್ತೆ ಹಾರುವಾಗ ಕಾಂಡಕ್ಕೆ ಗಿಡದ್ದೇ ನೆರಳು ಬೇಕು.

ಅಲ್ಲೊಂದು ಬಿಕ್ಕಟ್ಟಿದೆ. ಮುಂದಿನ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆಗೆ, ಅರಳಬೇಕಾದ ಮೊಗ್ಗಿನ ಮೂಲ ರೂಪುಗೊಳ್ಳುವುದೂ ಮಳೆ ಇಳಿದು ಹಗಲು ಮೊಟಕಾಗುವ ಆ ತಿಂಗಳುಗಳಲ್ಲೇ. ಆಗ ಗಿಡದ ಮೈಗೆ ಬೆಳಕು ಬೇಕು, ಕಾಂಡಕ್ಕೆ ಬೇಡ. ಮೇಲಿನಿಂದ ಇಳಿಯುತ್ತ ಜಾಗ ಬದಲಿಸುತ್ತಿರುವ ಬೆಳಕಿನ ಬೊಟ್ಟುಗಳು ಈ ಕೆಲಸ ಮಾಡುತ್ತವೆ. ನೆರಳಲ್ಲಿದ್ದ ಎಲೆಗೆ ಬೊಟ್ಟು ತಾಗಿದ ತಕ್ಷಣ ಅದು ಪೂರ್ತಿ ದುಡಿಮೆಗೆ ಇಳಿಯುವುದಿಲ್ಲ. ಪತ್ರರಂಧ್ರ ತೆರೆದು, ಕಿಣ್ವಗಳು ಎಚ್ಚರಗೊಳ್ಳಲು ಹಲವು ನಿಮಿಷ ಬೇಕು. ಒಮ್ಮೆ ಎಚ್ಚರಾದ ಎಲೆ ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ಮತ್ತೆ ಬೊಟ್ಟು ಬಂದರೆ ಕೂಡಲೇ ಬಳಸಿಕೊಳ್ಳುತ್ತದೆ. ಹಾಗಾಗಿ ಒಂದು ದೊಡ್ಡ ಕಿಂಡಿಗಿಂತ ತೋಟದ ಉದ್ದಕ್ಕೂ ಹರಡಿದ ಹತ್ತಾರು ಸಣ್ಣ ಕಿಂಡಿಗಳು ಮೇಲು. ದೊಡ್ಡ ಮರವೊಂದನ್ನು ಉರುಳಿಸಿದರೆ ಆಗುವುದು ಆ ಒಂದು ಕಿಂಡಿ, ಜೊತೆಗೆ ಅದರಡಿ ಸಿಕ್ಕಿ ಮುರಿದ ಗಿಡಗಳು.

ಯಾವ ಮರದ ನೆರಳು ಯಾವ ಗಿಡದ ಮೇಲೆ ಬೀಳುತ್ತದೆ ಎಂಬುದೂ ಕಣ್ಣಿಗೆ ಮೋಸ ಮಾಡುತ್ತದೆ. ಮೂಡಿಗೆರೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 22ರ ನಡುಮಧ್ಯಾಹ್ನ ಇಪ್ಪತ್ತು ಮೀಟರ್ ಮರದ ನೆರಳು ಸುಮಾರು ಹದಿನೈದು ಮೀಟರ್ ಉತ್ತರಕ್ಕೆ ಚಾಚುತ್ತದೆ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಗೆ ಬಂದಾಗ ನೆರಳು ಬುಡದಲ್ಲೇ. ಜೂನ್‌ನಲ್ಲಿ ಅದೇ ಮರದ ನೆರಳು ದಕ್ಷಿಣಕ್ಕೆ ಮೂರು-ನಾಲ್ಕು ಮೀಟರ್. ಯಾವುದೋ ಒಂದು ಮಧ್ಯಾಹ್ನ ಮೇಲೆ ನೋಡಿ ಕಡಿಯುವ ಮರಕ್ಕೆ ಸುಣ್ಣ ಬಳಿದರೆ ತಪ್ಪಾಗುವುದು ಇದಕ್ಕೇ. ತೋಟದ ದಕ್ಷಿಣ ಮತ್ತು ಪಶ್ಚಿಮ ಅಂಚಿನ ಮರಗಳನ್ನು ಕಡೆಗೆ ಮುಟ್ಟಿ, ಮುಟ್ಟಿದರೂ ಕಡಿಮೆ ಮುಟ್ಟಿ. ಬೇಸಿಗೆಯ ಸಂಜೆ ಬಿಸಿಲು, ಮುಂಗಾರಿನ ಗಾಳಿ ಎರಡೂ ಬರುವುದು ಪಶ್ಚಿಮದ ಕಡೆಯಿಂದಲೇ.

ಅಳೆಯಲು ದುಬಾರಿ ಸಾಧನ ಬೇಡ. ಇಪ್ಪತ್ತು ಮೀಟರ್ ಹಗ್ಗಕ್ಕೆ 20 ಸೆಂಟಿಮೀಟರ್‌ಗೊಂದರಂತೆ ನೂರು ಗುರುತು ಹಾಕಿ. ಮೋಡವಿಲ್ಲದ ದಿನ ಬೆಳಗ್ಗೆ ಹತ್ತಕ್ಕೆ, ಹನ್ನೆರಡೂವರೆಗೆ, ಮೂರಕ್ಕೆ ಗಿಡದ ನೆತ್ತಿಯ ಎತ್ತರದಲ್ಲಿ ಬಿಗಿಯಾಗಿ ಹಿಡಿದು, ಎಷ್ಟು ಗುರುತಿನ ಮೇಲೆ ಬೆಳಕಿನ ಬೊಟ್ಟಿದೆ ಎಂದು ಎಣಿಸಿ. ಅಂಚು ಚೂಪಾಗಿರುವ ದೊಡ್ಡ ಪಟ್ಟೆ ಪೂರ್ತಿ ಬಿಸಿಲು; ಮಸುಕು ದುಂಡು ಬೊಟ್ಟನ್ನು ಅರ್ಧವೆಂದು ಲೆಕ್ಕ ಹಿಡಿಯಿರಿ. ಮಳೆಗಾಲ ಕಳೆದ ಮೇಲೆ ಅರೇಬಿಕಾ ತೋಟದಲ್ಲಿ ಮೂರು ಹೊತ್ತಿನ ಸರಾಸರಿ ನಲವತ್ತು-ಐವತ್ತರ ನಡುವೆ ಇದ್ದರೆ ನಾನು ಸಮಾಧಾನಪಡುತ್ತೇನೆ. ಬೇಸಿಗೆಗೆ ಇನ್ನೂ ಸ್ವಲ್ಪ ಕಡಿಮೆ ಇರಲಿ. ನಿಮ್ಮಲ್ಲಿ ಈಗ ಹತ್ತು ಬಂದರೂ ನನಗೆ ಆಶ್ಚರ್ಯವಿಲ್ಲ.

ಅಲ್ಲಿಗೆ ತಲುಪಲು ಮೂರು ವರ್ಷ ತೆಗೆದುಕೊಳ್ಳಿ. ಮೊದಲ ವರ್ಷ ಒಂದು ಮರವನ್ನೂ ಉರುಳಿಸದೆ ಕೊಡೆ ಎತ್ತುವ ಕೆಲಸ ಮಾತ್ರ: ತಗ್ಗಿನಲ್ಲಿ ಜೋತ ಕೊಂಬೆಗಳು, ಸಿಲ್ವರ್ ಓಕ್‌ನ ಅಡ್ಡಕೊಂಬೆಗಳು, ಹಾಲುವಾಣದ ಗುಂಪು. ಮುಂದಿನ ಮಳೆಗಾಲ ಕಳೆದು ಮತ್ತೆ ಅಳೆಯಿರಿ. ಎರಡನೇ ವರ್ಷ, ಅಗತ್ಯವಿದ್ದರೆ, ಒತ್ತೊತ್ತಾಗಿ ನಿಂತ ಸಿಲ್ವರ್ ಓಕ್‌ಗಳಲ್ಲಿ ಕೆಲವನ್ನು ತೆಗೆಯಿರಿ, ಮೆಣಸು ಬಳ್ಳಿ ಹಬ್ಬಿದವನ್ನು ಬಿಟ್ಟು. ಮೂರನೇ ವರ್ಷ ಬೋಳಾದ ಜಾಗಕ್ಕೆ ಅತ್ತಿ, ಬಸರಿ, ಗೋಣಿಯಂಥವನ್ನು ನೆಡಿ. ಬರೀ ಸಿಲ್ವರ್ ಓಕ್ ಉಳಿದ ತೋಟದ ದರಗು ಬೇಗ ಕೊಳೆತು ಮಣ್ಣಾಗುವುದಿಲ್ಲ. ಹಕ್ಕಿಗಳೂ ಕಡಿಮೆಯಾಗುತ್ತವೆ, ನನಗೆ ಅದೂ ಒಂದು ನಷ್ಟವೇ. ಬೀಟೆ, ಹೊನ್ನೆ, ನಂದಿ ಇದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ‘ಎಲ್ಲ ನಾನು ನೋಡಿಕೊಳ್ಳುತ್ತೇನೆ’ ಎನ್ನುವ ವ್ಯಾಪಾರಿ ಹೋದ ಮೇಲೆ ಕೇಸು ಬೀಳುವುದು ನಿಮ್ಮ ಹೆಸರಿಗೆ.

ಬೆಳಕು ಬಂದ ಮೊದಲ ವರ್ಷ ಕಳೆ ಎದ್ದು ಬರುತ್ತದೆ, ಗಾಬರಿಯಾಗಬೇಡಿ. ಲೆಟ್ಯೂಸ್ ಬೀಜದ ಕಥೆಯೇ ಅದು: ಮಣ್ಣಲ್ಲಿ ಕಾದು ಕೂತ ಕಳೆ ಬೀಜಗಳಿಗೆ ಕೆಂಪು ಬೆಳಕಿನ ಸುದ್ದಿ ಮುಟ್ಟಿರುತ್ತದೆ. ಒಂದೆರಡು ಸುತ್ತು ಕಳೆ ಹೊಡೆಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಫಸಲು ಮಾತ್ರ ಆ ವರ್ಷವೇ ಬರುವುದಿಲ್ಲ. ಈ ಮಳೆಗಾಲ ಹುಟ್ಟಿದ ರೆಂಬೆ ಮುಂದಿನ ಹೂಮಳೆಗೆ ಹೂ ಬಿಟ್ಟು, ಅದರಾಚೆಯ ಚಳಿಗಾಲಕ್ಕೆ ಹಣ್ಣಾಗಬೇಕು.

ಏನೂ ಮಾಡದೆ ಬಿಟ್ಟರೆ? ಗಿಡ ಸಾಯುವುದಿಲ್ಲ. ಅರೇಬಿಕಾ ಮೂಲತಃ ಇಥಿಯೋಪಿಯಾದ ಕಾಡಿನ ಮರದಡಿಯ ಗಿಡ, ಬದುಕಿಕೊಳ್ಳುತ್ತದೆ. ಆದರೆ ಅದರಿಂದ ಮನೆ ನಡೆಯುವುದಿಲ್ಲ.

ನಿಮ್ಮ ತಂದೆಯವರು ಮರಗಸಿ ನಿಲ್ಲಿಸಿದ್ದನ್ನು ತಪ್ಪೆಂದು ನಾನು ಹೇಳಲಾರೆ. ಬಿದ್ದವರ ನೋವನ್ನು ನೋಡಿ ಆರು ಎಕರೆಯ ಫಸಲನ್ನು ಬಿಟ್ಟುಕೊಟ್ಟ ಮನುಷ್ಯ ಅವರು. ಈಗ ಶುರು ಮಾಡುವಾಗ ಮರ ಹತ್ತುವವರಿಗೆ ಸೊಂಟಕ್ಕೂ ತೊಡೆಗೂ ಕಟ್ಟುವ ಬೆಲ್ಟು, ಅದಕ್ಕೊಂದು ಗಟ್ಟಿ ಹಗ್ಗ, ಹೆಲ್ಮೆಟ್ ಕೊಡಿ. ಹತ್ತಿಸುವ ಮೊದಲೇ ಅಪಘಾತ ವಿಮೆ ಮಾಡಿಸಿ. ಸಿಲ್ವರ್ ಓಕ್ ಕೊಂಬೆ ಲಟಕ್ಕನೆ ಮುರಿಯುತ್ತದೆ, ಅದರ ಮೇಲೆ ಭಾರ ಹಾಕಿಸಬೇಡಿ. ವಿದ್ಯುತ್ ತಂತಿ ಹಾದುಹೋಗಿರುವ ಸಾಲಿನಲ್ಲಿ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಲೈನ್‌ಮ್ಯಾನ್‌ಗೆ ಹೇಳಿ ಕರೆಂಟ್ ತೆಗೆಸಿದ ಮೇಲೆಯೇ ಕತ್ತಿ ಎತ್ತಲಿ. ಮಳೆ ಹಿಡಿದು ತೊಗಟೆ ಪಾಚಿಗಟ್ಟಿದ ಮೇಲೆ ಯಾರನ್ನೂ ಹತ್ತಿಸಬೇಡಿ. ಅರ್ಧ ಕೆಲಸ ಉಳಿದರೆ ಉಳಿಯಲಿ, ಮುಂದಿನ ಮೇ ಬರುತ್ತದೆ.

ಹಗ್ಗದ ಲೆಕ್ಕವನ್ನು ಮಗಳ ಕೈಯಲ್ಲೇ ಮಾಡಿಸಿ. ಮೂರು ಹೊತ್ತಿನ ಎಣಿಕೆ, ಬೊಟ್ಟಿನ ಅಗಲ, ಯಾವ ಯಾವ ಜಾತಿಯ ಮರ ಎಷ್ಟಿವೆ ಎಂಬ ಪಟ್ಟಿ, ತೋಟದ ಇಳಿಜಾರು ಯಾವ ದಿಕ್ಕಿಗೆ ಎಂಬುದನ್ನು ಬರೆದು ಕಳಿಸಿದರೆ, ಯಾವ ಸಾಲಿನಿಂದ ಶುರು ಮಾಡಬೇಕು ಎಂದು ತಿಳಿಸುತ್ತೇನೆ. ಕೈಗೆ ಸಿಗುವಷ್ಟು ಹತ್ತಿರದಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ಮಣ್ಣು ಪರೀಕ್ಷೆಗೆ ಅಲ್ಲಿ ಹೋದಾಗ ಕೊರಕ ಬಿದ್ದಂತೆ ಕಾಣುವ ಒಂದು ಕಾಂಡವನ್ನೂ ಕತ್ತರಿಸಿ, ಚೀಲದಲ್ಲಿ ಭದ್ರವಾಗಿ ಕಟ್ಟಿಕೊಂಡು ಹೋಗಿ ತೋರಿಸಿ.